ಮಂಗ ಓಡಿಸುವ ಮೈಕು

ಕೊಪ್ಪದ ಪಕ್ಕದ ನಮ್ಮ ಬಾಳಗಡಿಯಲ್ಲಿ ಬೆಳಗಾಯಿತೆಂದು ಹೇಳಲು ಕೋಳಿ ಬೇಕಾಗಿಲ್ಲ. ಶೃಂಗೇರಿ ಬಸ್ಸು ತಿರುವಿನಲ್ಲಿ ಹಾರನ್ ಹೊಡೆಯುತ್ತದೆ. ಅದು ಅಡಗುವುದರೊಳಗೆ ಯಾರದೋ ಕಳೆ ಹೊಡೆಯುವ ಮಶೀನು ಶುರುವಾಗುತ್ತದೆ. ಪೇಟೆಯವರು ಶಾಂತಿ ಹುಡುಕಿಕೊಂಡು ನಮ್ಮ ಕಡೆಯ ಹೋಂಸ್ಟೇಗಳಿಗೆ ಬರುತ್ತಾರೆ, ಬರುವಾಗ ಮರೆಯದೆ ಸ್ಪೀಕರನ್ನೂ ತರುತ್ತಾರೆ. ಇದನ್ನೆಲ್ಲ ಸಹಿಸಿದ ನಾನು ಸಹಿಸಲಾರದೆ ಹೋದದ್ದು ಪಕ್ಕದ ಮನೆಯ ಮಂಜಪ್ಪನ ಮೈಕನ್ನು. ಅದರಲ್ಲಿದ್ದದ್ದು ನನ್ನ ಹೆಂಡತಿಯ ದನಿ.

ತರಕಾರಿ ಗಾಡಿಯವರು ಇಟ್ಟುಕೊಳ್ಳುವ, ತುಂಬಿದ ಮಾತನ್ನೇ ಮತ್ತೆ ಮತ್ತೆ ಹೇಳುವ ಮೈಕು ಅದು. ಹಿತ್ತಲ ಬಾಳೆಗೆ ನುಗ್ಗುವ ಮಂಗಗಳನ್ನು ಓಡಿಸಲು ತಂದಿದ್ದ. ಅವನ ದನಿಗೆ ಮಂಗಗಳು ತಲೆಯನ್ನೂ ಎತ್ತಲಿಲ್ಲ. "ಅತ್ತಿಗೆ, ನೀವೊಂದ್ಸಲ ಬೈದು ಕೊಡಿ" ಎಂದ. ಸಾವಿತ್ರಿ ಸೆರಗು ಸಿಕ್ಕಿಸಿಕೊಂಡು, "ಹೋಯ್! ಹೋಗ್ತ್ಯಾ, ಇಲ್ಲಾ ನಾನೇ ಬರ್ಲಾ?" ಎಂದು ಕೂಗಿಕೊಟ್ಟಳು. ಮಂಗಗಳು ಓಡಿದವು. ನಾನೂ ಪೇಪರು ಬಿಟ್ಟು ಎದ್ದಿದ್ದೆ. ದಿನ ಕಳೆದಂತೆ ಮಂಗಗಳಿಗೆ ಅಭ್ಯಾಸವಾಯಿತು, ನನಗೆ ಆಗಲಿಲ್ಲ. ಸದ್ದು ಕಡಿಮೆ ಮಾಡೆಂದು ಬೇಲಿಯಾಚೆಗೆ ಎಷ್ಟೋ ಸಲ ಹೇಳಿದೆ.

ಈ ವರ್ಷ ಸಾವಿತ್ರಿ ತೀರಿಕೊಂಡಳು. ಅಂದೇ ಮಂಜಪ್ಪ ಮೈಕು ನಿಲ್ಲಿಸಿದ. ನಾನು ಬೇಡಿದ್ದ ಶಾಂತಿ ಕೊನೆಗೂ ಸಿಕ್ಕಿತು. ಅದರಲ್ಲಿ ಹೇಗೆ ಕೂರಬೇಕೆಂದು ತಿಳಿಯಲಿಲ್ಲ.

ಮೊನ್ನೆ ಅವನು ಮೈಕು ಹಿಡಿದುಕೊಂಡೇ ಬಂದ.

"ಅಣ್ಣ, ಮಂಗ ಒಂದು ಗೊನೆನೂ ಬಿಡ್ತಿಲ್ಲ ಮಾರಾಯ್ರೆ. ನಾಯಿ ಬೊಗಳೋದು ತುಂಬ್ಸನ ಅಂತ ಮಾಡಿದ್ದೆ. ಹೊಸದು ತುಂಬಿದ್ರೆ ಅತ್ತಿಗೇದು ಅಳಿಸಿ ಹೋಗ್ತದೆ. ಎಂತ ಮಾಡೋದು?"

ಮನೆಯಲ್ಲಿ ಸಾವಿತ್ರಿಯ ಫೋಟೋಗಳು ಬೇಕಾದಷ್ಟಿವೆ. ದನಿ ಉಳಿದಿರುವುದು ಅದೊಂದರಲ್ಲೇ.

"ನಿಂಗೆ ಬೇರೆ ಮೈಕು ತಂದ್ಕೊಡ್ತೀನಿ. ಇದು ಇಲ್ಲೇ ಇರ್ಲಿ" ಎಂದೆ.

"ಇದಕ್ಕೇ ಅಲ್ವಾ ನೀವು ನನ್ ಜೊತೆ ಜಗಳ ಆಡಿದ್ದು! ಅತ್ತಿಗೆ ಇದ್ದಿದ್ರೆ ಬಿದ್ದು ಬಿದ್ದು ನಗ್ತಿದ್ರು" ಎಂದು ಮೈಕನ್ನು ಜಗಲಿಯ ಮೇಲಿಟ್ಟು, ಬೇರೆ ಕಡೆ ನೋಡುತ್ತ ಹೋದ.

ಒಳಗೆ ತಂದು ಗುಂಡಿ ಒತ್ತಿದೆ. ಇಡೀ ಕೇರಿಗೆ ಕೇಳಿತು. ಎದುರಿನ ಬಾಡಿಗೆ ಕೋಣೆಗೆ ಹೊಸದಾಗಿ ಬಂದ ಕಾಲೇಜು ಹುಡುಗಿ ಕಿಟಕಿಯಿಂದ, "ಅಂಕಲ್, ನಾಳೆ ಎಕ್ಸಾಮ್ ಇದೆ. ಸ್ವಲ್ಪ ಕಮ್ಮಿ ಮಾಡ್ತೀರಾ?" ಎಂದಳು. ಅವಳು ಸಾವಿತ್ರಿಯನ್ನು ಕಂಡವಳಲ್ಲ. ಅವಳಿಗದು ಬರೀ ಗಲಾಟೆ. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ತೀರ ಸಣ್ಣ ಮಾಡಿದೆ. ಆಗ ಬೈಗುಳವೆಲ್ಲ ಇಳಿದುಹೋಗಿ, ಹಿತ್ತಲ ಬಾಗಿಲಲ್ಲಿ ನಿಂತು ಯಾರೊಡನೆಯೋ ಮಾತಾಡುವ ಸಾವಿತ್ರಿ ಉಳಿದಳು. ಅಷ್ಟರಲ್ಲಿ ತಿರುವಿನಲ್ಲಿ ಬಸ್ಸು ಹಾರನ್ ಹೊಡೆಯಿತು, ಒಂದು ಮಾತು ತಪ್ಪಿಹೋಯಿತು. ಎದ್ದು ಕಿಟಕಿ ಹಾಕಿಕೊಂಡೆ.