ಯಾದಗಿರಿಗೆ ಹೋದ ಅಂಗಿ

ಇಂಗ್ಲಿಷಿನಲ್ಲಿ ನನಗೆ ಕಂಡರಾಗದ ಕ್ರಿಯಾಪದ ಒಂದೇ: ಅಡ್ಜಸ್ಟ್. ಇಂಗ್ಲಿಷ್ ಮೇಷ್ಟರಾಗಿ ಅದರ ಕುಲಗೋತ್ರ ವಿಚಾರಿಸಿದ್ದೇನೆ. ಹುಟ್ಟಿದ್ದು ಲ್ಯಾಟಿನ್ನಿನಲ್ಲಿ, ಬಂದದ್ದು ಫ್ರೆಂಚಿನ ಹಾದಿಯಲ್ಲಿ, ಮೂಲದ ಅರ್ಥ ‘ಹತ್ತಿರಕ್ಕೆ ತರು’. ಇಂಗ್ಲಿಷರು ಅದನ್ನು ಗಡಿಯಾರಕ್ಕೋ ಕನ್ನಡಕಕ್ಕೋ ಬಳಸಿಕೊಂಡು ಸುಮ್ಮನಿದ್ದರು. ನಮ್ಮ ಶಹಾಪುರದ ಬಸ್ಸುಗಳಲ್ಲಿ ಅದನ್ನು ಮನುಷ್ಯರ ಮೇಲೆಯೇ ಪ್ರಯೋಗಿಸುತ್ತಾರೆ. ಮೂವರ ಸೀಟಿಗೆ ನಾಲ್ಕನೆಯವರು ಬಂದು “ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ” ಅಂದರೆ ಮುಗಿಯಿತು, ಕಿಟಕಿ ಪಕ್ಕದವನ ಪಾಡು ದೇವರಿಗೇ ಪ್ರೀತಿ.

ಸುರಪುರಕ್ಕೆ ಕನ್ಯೆ ನೋಡಲು ಹೊರಟ ದಿನವೂ ಆ ಪದ ನನ್ನನ್ನು ಬಿಡಲಿಲ್ಲ. ಹುಡುಗಿಯೂ ಶಿಕ್ಷಕಿ. ಫೋಟೊ ನೋಡಿದಾಗಿನಿಂದ ನನಗೆ ಊಟ ಸೇರುತ್ತಿರಲಿಲ್ಲ. ಇಸ್ತ್ರಿ ಮಾಡಿದ ಹೊಸ ಅಂಗಿ ಮುದುಡಬಾರದೆಂದು ಚೀಲದಲ್ಲಿಟ್ಟು, ಹಳೆಯದನ್ನು ತೊಟ್ಟುಕೊಂಡಿದ್ದೆ. ಜೊತೆಗೆ ಸೋದರಮಾವ, ನನ್ನಂಥವರಿಬ್ಬರು ಹಿಡಿಸುವಷ್ಟು ದಪ್ಪ ಮನುಷ್ಯ.

ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದರೆ ಆ ಸೀಟು ನಮ್ಮದು. ಮಾವ ಟವೆಲ್ ಮರೆತು ಬಂದಿದ್ದರು. ಬಸ್ಸು ಕಂಡದ್ದೇ ತಡ, ನನ್ನ ಚೀಲ ಕಸಿದು ಒಳಗೆ ಒಗೆದೇಬಿಟ್ಟರು.

“ಕಿಟಕಿ ಸೀಟು ಹಿಡದೀನಿ ನೋಡು ಅಳಿಯಾ!”

ಬೋರ್ಡು ನೋಡಿದ್ದು ಆಮೇಲೆ. ಯಾದಗಿರಿ ಬಸ್ಸು. ಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊರಟ ಬಸ್ಸಿನ ಹಿಂದೆ ಓಡಿ, ಕಂಬಿಗೆ ಸಿಕ್ಕಿ ಮೈಮೇಲಿನ ಅಂಗಿಯ ತೋಳನ್ನೂ ಹರಿದುಕೊಂಡೆ. ಹೊಸ ಅಂಗಿ ಕಿಟಕಿ ಪಕ್ಕ ಕೂತು ಆರಾಮಾಗಿ ಹೋಯಿತು.

ಸುರಪುರದಲ್ಲಿ ಇಳಿದಾಗ ಬಟ್ಟೆ ಅಂಗಡಿಗಳು ತೆರೆದಿರಲಿಲ್ಲ. ಗೂಡಂಗಡಿಯಲ್ಲಿ ಸಿಕ್ಕಿದ್ದು ಒಂದು ಟವೆಲ್, ಅದೂ ಈಗ! ಮಾವ ತಮ್ಮ ಅಂಗಿ ಬಿಚ್ಚಿ ನನಗೆ ಕೊಟ್ಟು, ಬನಿಯನ್ ಮೇಲೆ ಆ ಟವೆಲ್ ಹೊದ್ದುಕೊಂಡರು.

“ಸ್ವಲ್ಪ ಅಡ್ಜಸ್ಟ್ ಮಾಡ್ಕೊ.”

ನನಗೆ ಮೈಯೆಲ್ಲ ಉರಿಯಿತು.

ಹುಡುಗಿ ಚಹಾ ತಂದಳು. ಮಾವ ಗಂಟಲು ಸರಿಮಾಡಿಕೊಂಡು ಕೇಳಿದರು: “ನಮ್ಮದು ದೊಡ್ಡ ಮನಿ ಅದವಾ. ಅಡ್ಜಸ್ಟ್ ಆಗ್ತೀಯೇನು?”

ಅವಳು ಉತ್ತರ ಕೊಟ್ಟದ್ದು ನನ್ನನ್ನು ನೋಡಿ. “ಬಂದವ್ರೆಲ್ಲ ನನಗ ಇದನ್ನೇ ಕೇಳ್ತಾರ್ರಿ. ನೀವೇನು ಅಡ್ಜಸ್ಟ್ ಮಾಡ್ಕೊಂಡೀರಿ, ಅದನ್ನ ಹೇಳ್ರಿ.”

ಕಲಿತ ಲ್ಯಾಟಿನ್ ಯಾವುದೂ ಕೆಲಸಕ್ಕೆ ಬರಲಿಲ್ಲ. ಈ ಸಂಬಂಧ ತಪ್ಪಿತೆಂದೇ ಅಂದುಕೊಂಡೆ.

“ಈ ಅಂಗಿ ನಮ್ಮ ಮಾವಂದ್ರಿ,” ಎಂದೆ.

ಅವಳು ನನ್ನ ಬೆರಳುಗಳನ್ನೂ ಮುಚ್ಚಿದ್ದ ಅಂಗಿಯ ತೋಳನ್ನು ನೋಡಿದಳು, ಮಾವನ ಟವೆಲ್ ನೋಡಿದಳು.

“ನಿಮ್ಮದು ಎಲ್ಲಿ ಅದರಿ?”

“ಯಾದಗಿರಿಗೆ ಹೋಗ್ಯದರಿ. ಕಿಟಕಿ ಸೀಟಿನ್ಯಾಗ.”

ನಕ್ಕಳು ನೋಡಿ, ತಟ್ಟೆಯಲ್ಲಿದ್ದ ಕಪ್ಪುಗಳೆಲ್ಲ ಕಟಕಟ ಅಂದವು. ಆ ನಗುವಿಗೆ ನಾನು ಸೋತುಹೋದೆ. ನಗು ತಡೆಯುತ್ತಲೇ ಅವಳು ತನ್ನ ಅಪ್ಪನ ಕಡೆ ತಿರುಗಿದಳು. “ಅಪ್ಪಾ, ಇವರಿಗೆ ಇನ್ನೊಂದು ಕಪ್ಪು ಚಹಾ ಮಾಡ್ತೀನಿ.”

ಈಗ ಎಲ್ಲಿಗೆ ಹೊರಟರೂ ಟವೆಲ್ ಎಸೆಯುವವಳು ಅವಳೇ. ಬೋರ್ಡು ಓದಿ ಹೇಳುವುದಷ್ಟೇ ನನ್ನ ಕೆಲಸ.