ನಾನು ಹಾಕಿದ ಬಚ್ಚಲ ನೆಲ

ಮೀಯುವ ಕೋಣೆಯಲ್ಲೇ ಕಕ್ಕಸು. ಮಗಳ ಸಿರಸಿ ಮನೆಗೆ ಬಂದ ದಿನ ಬಾಗಿಲು ತೆರೆದವಳು ಹಾಗೇ ಮುಚ್ಚಿದೆ. ನಮ್ಮ ವಜ್ರಳ್ಳಿಯಲ್ಲಿ ಅವೆರಡರ ನಡುವೆ ಒಂದು ಅಂಗಳವೇ ಇದೆ. ಇಲ್ಲಿ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ, ಕಾಲ ಕೆಳಗೆ ಕನ್ನಡಿಯಂಥ ಟೈಲ್ಸ್.

ಮಗಳು ವಿನುತಾ ಆಸ್ಪತ್ರೆಯಲ್ಲಿ ನರ್ಸು. ಅವಳ ಕೂಸನ್ನು ನೋಡಿಕೊಳ್ಳಲು ನಾನು ಬಂದದ್ದು, ನನ್ನನ್ನು ಅವಳು ನೋಡಿಕೊಳ್ಳಲಿ ಎಂದಲ್ಲ. ಆದರೆ ಬಂದ ವಾರದಲ್ಲೇ ಜಾರಿ ಬಿದ್ದೆ. ಮೂಳೆಗೇನೂ ಆಗಲಿಲ್ಲ. ಅವಳು ಮಾತ್ರ ಬಚ್ಚಲ ಬಾಗಿಲಿನ ಚಿಲಕವನ್ನೇ ಬಿಚ್ಚಿ ತೆಗೆದಳು. ಇನ್ನು ಅವಳು ಮನೆಯಲ್ಲಿದ್ದಾಗಷ್ಟೇ ನಾನು ಮೀಯಬೇಕಂತೆ, ಬಾಗಿಲ ಬಳಿ ಅವಳು ನಿಂತಿರುತ್ತಾಳಂತೆ. ತಪ್ಪು ನೆಲದ್ದು, ನನ್ನದಲ್ಲ ಎಂದೆ. ಕೇಳಲಿಲ್ಲ.

ಮರುದಿನ ಕೂಸನ್ನು ಅಂಗನವಾಡಿಗೆ ಬಿಟ್ಟು, ಸಿಮೆಂಟ್ ಅಂಗಡಿಗೆ ಹೋದೆ. ಮೇಸ್ತ್ರಿ ಯಾರು ಎಂದ ಅಂಗಡಿಯವ. ನಾನೇ ಎಂದೆ. ನಗಾಡಿದ. ಊರಲ್ಲಿ ಒಲೆಕಟ್ಟೆ, ಅಂಗಳದ ಬಿರುಕು ಎಲ್ಲ ಮೆತ್ತಿದ್ದು ಯಾರು ಅಂದುಕೊಂಡನೋ. ಸುತ್ತಿಗೆ, ಉಳಿ ಹಿಡಿದು ಟೈಲ್ಸ್ ಎಬ್ಬಿಸಿದೆ. ಗಾರೆ ಎಳೆದು, ಕಾಲು ಜಾರದಿರಲಿ ಎಂದು ಕಡ್ಡಿ ಪೊರಕೆಯಲ್ಲಿ ಗೀರಿದೆ. ಒಣಗುವ ತನಕ ಪಕ್ಕದ ಮನೆಯ ಕಕ್ಕಸೇ ಗತಿ. ಅಲ್ಲಿಯವರೆಗೆ ಮುಖ ತಿರುಗಿಸಿ ಹೋಗುತ್ತಿದ್ದ ಅವರ ಪರಿಚಯ ಆದದ್ದು ಹಾಗೆ.

ಒಣಗಿದ ಮೇಲೆ ಒಂದು ಕೊಡ ನೀರು ಸುರಿದೆ. ಅಷ್ಟೂ ಬಾಗಿಲು ದಾಟಿ ನಡುಮನೆಗೆ ಬಂತು. ಊರಿನ ಬಚ್ಚಲ ನೀರು ಬಾಗಿಲ ಕಡೆಯಿಂದಲೇ ಹೊರಬಿದ್ದು ಬಸಳೆ ಬುಡಕ್ಕೆ ಹೋಗುತ್ತದೆ. ನನ್ನ ಕೈ ಅದೇ ಅಭ್ಯಾಸದಲ್ಲಿ ಇಳಿಜಾರು ಕೊಟ್ಟಿತ್ತು. ಇಲ್ಲಿ ನೀರು ಹೋಗುವ ಜಾಲರಿ ಇರುವುದು ಒಳಮೂಲೆಯಲ್ಲಿ.

"ಆಯಿ, ನಾಳೆ ಮೇಸ್ತ್ರಿ ಕರೆಸ್ತೆ. ನೀ ಇನ್ನು ಮುಟ್ಟಡ," ಎಂದಳು ವಿನುತಾ, ನಡುಮನೆ ಒರೆಸುತ್ತ.

"ಮೇಸ್ತ್ರಿ ಬಂದ್ರೆ ಆನು ವಜ್ರಳ್ಳಿ ಬಸ್ ಹತ್ತತೆ. ಕೂಸಿನ ಅವನೇ ನೋಡ್ಕಳ್ಳಲಿ."

ಮತ್ತೆ ಒಡೆದೆ, ಮತ್ತೆ ಹಾಕಿದೆ. ಈ ಸಲ ನೀರು ಹೇಳಿದಲ್ಲಿಗೆ ಹೋಯಿತು. ವಿನುತಾ ಸೋಪಿನ ನೀರು ಚೆಲ್ಲಿ, ಅದರ ಮೇಲೆ ಕುಣಿದು ನೋಡಿದಳು. ಜಾರಲಿಲ್ಲ. ಚಿಲಕ ತಂದು ಸ್ಕ್ರೂ ಬಿಗಿದಳು. ನಾನು ಟವೆಲ್ ತಗೊಂಡೆ.

"ನೀ ಆಚೆ ಹೋಗು," ಎಂದೆ.

ಮೊನ್ನೆ ವಜ್ರಳ್ಳಿಗೆ ಹೋದಾಗ, ಮನೆಗೆ ತಿರುಗಿ ಬಂದುಬಿಡುವುದು ಯಾವಾಗ ಎಂದು ಸೊಸೆ ಕೇಳಿದಳು. ಅಲ್ಲಿಯ ಬಚ್ಚಲಲ್ಲಿ ಮದುವೆಯಾದಂದಿನಿಂದ ಮಿಂದಿದ್ದೇನೆ. ಅಲ್ಲಿ ಒಂದು ಕಲ್ಲನ್ನೂ ನನ್ನ ಮಾತು ಕೇಳಿ ಇಟ್ಟವರಿಲ್ಲ. ಆದರೂ ಬಸ್ಸಿನಲ್ಲಿ ಯಾರಾದರೂ ಯಾವೂರು ಎಂದರೆ ಬಾಯಿಗೆ ವಜ್ರಳ್ಳಿಯೇ ಬರುತ್ತದೆ. ಬರಲಿ. ಮೀಯುವುದು ಮಾತ್ರ ಸಿರಸಿಯಲ್ಲೇ.