ಸಂಕಲ್ಪದಲ್ಲಿ ಬಿಟ್ಟ ಹೆಸರು

ಗರ್ಭಗುಡಿಯ ಬೀಗದಕೈಯನ್ನು ನನ್ನಿಂದ ತೆಗೆದುಕೊಂಡ ದಿನ ಮೊಕ್ತೇಸರರು ನನಗೊಂದು ಶಾಲು ಹೊದಿಸಿದರು. ಶಾಲು ಒಳ್ಳೆಯದೇ. ಮನೆಗೆ ಬಂದವನು ಅದನ್ನು ಕೊಟ್ಟಿಗೆಯಲ್ಲಿದ್ದ ಕರುವಿಗೆ ಹೊದಿಸಿದೆ. ಕರು ಸುಖವಾಗಿ ಮಲಗಿತು.

ಕಳಸದಿಂದ ಕುದುರೆಮುಖಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಕಾಫಿ ತೋಟಗಳ ನಡುವೆ ಇರುವ ಈಶ್ವರ ದೇವಸ್ಥಾನ ಅದು. ಅಪ್ಪನ ನಂತರ ಅಲ್ಲಿ ಪೂಜೆ ಮಾಡಿದವನು ನಾನೇ. ಮೀಸೆ ಮೂಡುವ ವಯಸ್ಸಿಗೆ ಒಳಗೆ ಹೋದವನು ತಲೆ ಪೂರ್ತಿ ಬೆಳ್ಳಗಾದ ಮೇಲೆ ಹೊರಗೆ ಬಂದೆ, ಅದೂ ಬೇರೆಯವರು ಹೇಳಿದ್ದರಿಂದ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಾಫಿಗೆ ಒಳ್ಳೆಯ ರೇಟು ಸಿಕ್ಕಿ ಊರಿನವರು ಗೆಲುವಾಗಿದ್ದರು. ದೇವಸ್ಥಾನಕ್ಕೆ ಟೈಲ್ಸ್ ಬಂತು, ಮೈಕು ಬಂತು. ಮೈಕಿಗೆ ನನ್ನ ಧ್ವನಿ ಹೊಂದಲಿಲ್ಲವಂತೆ.

"ಭಟ್ರೇ, ಇನ್ನು ನೀವು ಆರಾಮಾಗಿರಿ. ಎಷ್ಟು ದಿನ ಅಂತ ಮಾಡ್ತೀರಿ," ಎಂದರು ಮೊಕ್ತೇಸರರು, ಶಿವರಾತ್ರಿಯ ಮರುದಿನ, ಊಟಕ್ಕೆ ಕೂತ ಪಂಕ್ತಿಯ ಎದುರು. ಮೊದಲು ಕರೆದು ಒಂದು ಮಾತು ಕೇಳಿರಲಿಲ್ಲ. ಹೊಸ ಭಟ್ಟರು ಆಗಲೇ ಬಂದು ಅಂಗಳದಲ್ಲಿ ಬೈಕಿನ ಪಕ್ಕ ನಿಂತಿದ್ದರು. ಪಾಯಸವನ್ನು ಹಾಗೇ ಬಿಟ್ಟು ಎಲೆ ಮಡಚಿದೆ. ಈ ಮನುಷ್ಯನಿಗೆ ಬುದ್ಧಿ ಕಲಿಸದೆ ಬಿಡುವುದಿಲ್ಲ ಎಂದು ಅಲ್ಲೇ ಅಂದುಕೊಂಡೆ. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಅವರಿಗೆ ಎಸ್ಟೇಟು, ಜೀಪು, ಊರಿನಲ್ಲಿ ನಡೆಯುವ ಮಾತು ಎಲ್ಲ ಇತ್ತು.

ನಮ್ಮ ದೇವಸ್ಥಾನದಲ್ಲಿ ಒಂದು ಪದ್ಧತಿ ಇತ್ತು. ದಿನದ ಪೂಜೆಗೆ ಮೊದಲು ಸಂಕಲ್ಪ ಮಾಡುವಾಗ, ದೇವಸ್ಥಾನಕ್ಕೆ ನಡೆದುಕೊಳ್ಳುವ ಮನೆಗಳವರ ಹೆಸರನ್ನೆಲ್ಲ ದೇವರಿಗೆ ಹೇಳಬೇಕು. ಯಜಮಾನ, ಹೆಂಡತಿ, ಮಕ್ಕಳು, ಒಬ್ಬೊಬ್ಬರ ನಕ್ಷತ್ರ, ರಾಶಿ. ಅಪ್ಪ ನನಗೆ ಅದನ್ನು ಬಾಯಿಪಾಠ ಮಾಡಿಸಿದ್ದರು. ಹುಟ್ಟಿದವರನ್ನು ಸೇರಿಸಿಕೊಳ್ಳುವುದು, ಬಿಡುವುದು ಸತ್ತವರನ್ನು ಮಾತ್ರ. ಹೊಸ ಭಟ್ಟರು ಇನ್ನೂ ಎರಡು ದೇವಸ್ಥಾನಕ್ಕೆ ಓಡಬೇಕಿತ್ತು. 'ಸಕಲ ಭಕ್ತಾದಿಗಳು' ಎಂದು ಒಂದೇ ಉಸಿರಿಗೆ ಮುಗಿಸಿ ಬೈಕು ಹತ್ತುತ್ತಿದ್ದರು.

ಕೆಲಸ ಹೋದ ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಸ್ನಾನ ಮಾಡಿ ಮನೆಯ ದೇವರ ಮುಂದೆ ಕೂತೆ. ಬೇರೆ ಏನು ಮಾಡಲಿ? ಬಾಯಿ ತಾನಾಗಿಯೇ ಮನೆಗಳ ಸಾಲು ಹಿಡಿಯಿತು. ಮೊದಲ ಮನೆ ಯಾವಾಗಲೂ ಮೊಕ್ತೇಸರ ಗೌಡರದು. ಅವರ ಹೆಸರು ನಾಲಿಗೆಯ ತುದಿಗೆ ಬಂತು. ನುಂಗಿದೆ. ಹೆಂಡತಿಯದು ಹೇಳಿದೆ, ಮಕ್ಕಳದು ಹೇಳಿದೆ, ಸೊಸೆಯದು, ಮೊಮ್ಮಗನದು ಹೇಳಿದೆ. ಅವರೊಬ್ಬರದು ಬಿಟ್ಟೆ. ಎಂಥ ಸಮಾಧಾನವಾಯಿತು ಎಂದರೆ, ಆ ದಿನ ಇನ್ನೊಂದು ಲೋಟ ಕಾಫಿ ಕೇಳಿ ಕುಡಿದೆ.

ಹೀಗೆ ನನ್ನ ಸೇವೆ ಮುಂದುವರಿಯಿತು. ಜ್ವರ ಬಂದರೂ ತಪ್ಪಿಸಲಿಲ್ಲ. ಅದರಲ್ಲಿ ಭಕ್ತಿ ಎಷ್ಟು, ಹಗೆ ಎಷ್ಟು ಎಂದು ಬೇರೆ ಮಾಡಿ ನೋಡುವ ಗೋಜಿಗೆ ನಾನು ಹೋಗಲಿಲ್ಲ. ಎರಡೂ ಸೇರಿ ನನ್ನನ್ನು ನಸುಕಿಗೇ ಎಬ್ಬಿಸುತ್ತಿದ್ದವು.

ನಮ್ಮ ದೇವರ ಕೋಣೆಗೂ ಅಡಿಗೆಮನೆಗೂ ನಡುವೆ ಇರುವುದು ಹಲಗೆಯ ಗೋಡೆ. ಕೇಳಿ ಕೇಳಿ ನನ್ನ ಹೆಂಡತಿಗೂ ಹೆಸರುಗಳೆಲ್ಲ ಬಾಯಿಗೆ ಬರುತ್ತಿದ್ದವು.

"ಅಲ್ರೀ, ಗೌಡ್ರದ್ದು ಬಿಟ್ಟುಹೋಯ್ತಲ್ಲ," ಎಂದಳು.

"ಬಿಟ್ಟುಹೋಗಿದ್ದಲ್ಲ. ಬಿಟ್ಟಿದ್ದು," ಎಂದೆ.

ಅವಳು ದೋಸೆ ಮಗುಚುತ್ತ ಸುಮ್ಮನಾದಳು. ಆದರೆ ಹಾಲಿನ ಡೈರಿಯಲ್ಲಿ ಸುಮ್ಮನಿರಲಿಲ್ಲ. ಕೆಲವೇ ದಿನಗಳಲ್ಲಿ ಊರಿಗೆಲ್ಲ ಗೊತ್ತಾಯಿತು. ಹೆಂಗಸರು ಹೂವು ಹಿಡಿದು ನಮ್ಮಲ್ಲಿಗೆ ಬರತೊಡಗಿದರು. ಹೊಸ ಮಗುವಿನ ನಕ್ಷತ್ರ ಹೇಳಿ, ಹೆಸರು ಸೇರಿಸಿ ಎನ್ನುತ್ತಿದ್ದರು. ಅಲ್ಲಿ ಮೈಕು ಕೂಗುತ್ತಿತ್ತು, ಜನ ಇಲ್ಲಿ ನನ್ನ ಜಗಲಿಯಲ್ಲಿ ಕೂರುತ್ತಿದ್ದರು. ಮೊಕ್ತೇಸರರ ತೋಟದಲ್ಲಿ ಕಾಳುಮೆಣಸಿನ ಬಳ್ಳಿಗೆ ರೋಗ ಬಿತ್ತು. ರೋಗ ಎಲ್ಲರ ತೋಟಕ್ಕೂ ಬಂದಿತ್ತು, ಜನ ಲೆಕ್ಕ ಹಿಡಿದದ್ದು ಅವರದ್ದು ಮಾತ್ರ. ಜೀಪು ಚರಂಡಿಗೆ ಇಳಿದಾಗಲೂ ಹಾಗೆಯೇ.

"ಭಟ್ರು ಹೆಸರು ಹೇಳ್ತಾ ಇಲ್ವಲ್ಲ ಮಾರಾಯ, ಮತ್ತೇನಾಗ್ತದೆ," ಎಂದು ಬಸ್ ಸ್ಟಾಪಿನಲ್ಲಿ ಯಾರೋ ಅಂದದ್ದು ನನ್ನ ಕಿವಿಗೂ ಬಿತ್ತು. ಕೇಳಿಸದವನ ಹಾಗೆ ಎಲೆಅಡಿಕೆ ಹಾಕಿಕೊಂಡೆ. ಹೊಟ್ಟೆ ತಣ್ಣಗಾಯಿತು.

ಮೊಕ್ತೇಸರರು ಮೊದಮೊದಲು ನಕ್ಕರಂತೆ. ಆಮೇಲೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಕೈಯಲ್ಲಿ ಬಾಳೆಗೊನೆ ಕಳಿಸಿದರು. ವಾಪಸ್ ಕಳಿಸಿದೆ. ಯುಗಾದಿಗೆ ಪಂಚೆ ಬಂತು, ಅದೂ ಬಂದ ದಾರಿಯಲ್ಲೇ ಹೋಯಿತು. "ಬೇಕಾದ್ರೆ ಅವ್ರೇ ಬರ್ಲಿ," ಎಂದು ರೈಟರಿಗೆ ಹೇಳಿದೆ. ನನ್ನನ್ನು ತೆಗೆದದ್ದು ಎಲ್ಲರೆದುರು, ಕೇಳುವುದೂ ಎಲ್ಲರೆದುರೇ ಆಗಬೇಕು. ಕೈಮುಗಿದು ಕೇಳಬೇಕು, ನಾನು ಆಗುವುದಿಲ್ಲ ಎನ್ನಬೇಕು. ಅದಕ್ಕಾಗಿ ವರ್ಷಗಟ್ಟಲೆ ಕಾದೆ.

ಅವರು ಬಂದದ್ದು ಕುದುರೆಮುಖದ ಗಣಿ ನಿಂತ ಮೇಲೆ. ಕಾಫಿ ಹೂ ಬಿಟ್ಟಿತ್ತು. ಮಧ್ಯಾಹ್ನದ ಹೊತ್ತು ಜೀಪನ್ನು ರಸ್ತೆಯಲ್ಲೇ ಬಿಟ್ಟು ನಡೆದು ಬಂದರು. ಆಳು ಬಹಳ ಇಳಿದುಹೋಗಿದ್ದರು. ಅಂದು ನೋಡಿದರೆ ಜಗಲಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಸಾಕ್ಷಿಗೆ ಯಾರೂ ಇಲ್ಲವಲ್ಲ ಎಂದು ನನಗೆ ಬೇಜಾರಾಯಿತು. ಹೆಂಡತಿ ಮಜ್ಜಿಗೆ ತಂದಿಟ್ಟಳು. ಅವರು ಮುಟ್ಟಲಿಲ್ಲ.

"ಭಟ್ರೇ, ಒಂದು ಕೇಳ್ಬೇಕಿತ್ತು."

"ಕೇಳಿ."

"ಮಗಳದ್ದು ಹೇಳ್ತೀರಾ ನೀವು?"

ಅವರಿಗೊಬ್ಬ ಮಗಳಿದ್ದಳು. ಗಣಿಯಲ್ಲಿ ಕೆಲಸಕ್ಕಿದ್ದ ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಅವಳು ಕುದುರೆಮುಖದ ಕ್ವಾರ್ಟರ್ಸಿಗೆ ಹೋದಾಗ ಇದೇ ಮನುಷ್ಯ ಗರ್ಭಗುಡಿಯ ಹೊಸಿಲಿನಾಚೆ ನಿಂತು, ಇನ್ನು ಅವಳ ಹೆಸರು ಹೇಳಬೇಡಿ, ಸತ್ತಳು ಎಂದುಕೊಳ್ಳಿ ಎಂದು ನನಗೆ ಅಪ್ಪಣೆ ಮಾಡಿದ್ದರು. ನಾನಾಗ ಅವರ ಕೈಕೆಳಗಿನವನು, ಹೂಂ ಎಂದಿದ್ದೆ. ಆದರೆ ಬದುಕಿದ್ದವಳನ್ನು ಬಿಡಲು ಅಪ್ಪ ನನಗೆ ಕಲಿಸಿರಲಿಲ್ಲ. ಅವಳ ಅಣ್ಣನ ಹೆಸರಾದ ಮೇಲೆ ಧ್ವನಿ ತಗ್ಗಿಸಿ ಅವಳದನ್ನೂ ಹೇಳುತ್ತಲೇ ಬಂದಿದ್ದೆ.

"ಹೇಳ್ತೇನೆ. ನೀವು ಬಿಡಿ ಅಂದ್ರೂ ಬಿಟ್ಟಿಲ್ಲ," ಎಂದೆ. ಚುಚ್ಚಬೇಕೆಂದೇ ಹೇಳಿದ್ದು.

ಅವರು ಕಂಬಕ್ಕೆ ಒರಗಿ ಕೂತರು. ಆಮೇಲೆ ನಿಧಾನಕ್ಕೆ ಹೇಳಿದರು. ಮಗಳು ಅಲ್ಲಿದ್ದಷ್ಟು ಕಾಲ ಆಗಾಗ ಜೀಪಿನಲ್ಲಿ ಅವಳ ಮನೆಯ ಮುಂದೆ ಹಾದುಹೋಗುತ್ತಿದ್ದರಂತೆ. ನಿಲ್ಲಿಸುತ್ತಿರಲಿಲ್ಲವಂತೆ. ಒಮ್ಮೆ ಅಂಗಳದ ಹಗ್ಗದಲ್ಲಿ ಎಳೆಮಗುವಿನ ಬಟ್ಟೆ ಒಣಗುವುದು ಕಂಡಿತ್ತು. ಈಗ ಹೋದರೆ ಆ ಮನೆಗೆ ಬೀಗ, ಸಾಲಿಗೆ ಸಾಲೇ ಖಾಲಿ. ಎಲ್ಲಿಗೆ ಹೋದರು ಎಂದು ಹೇಳುವವರಿಲ್ಲ.

"ಎಲ್ಲಾದ್ರೂ ಒಂದು ಕಡೆ ದಿನಾ ಅವಳ ಹೆಸರು ಹೇಳ್ತಾರೆ ಅಂದ್ರೆ ಸಾಕು ನಂಗೆ. ಮಗೂದೂ ಸೇರ್ಸಿ. ಅದ್ರ ಹೆಸರು ಗೊತ್ತಿಲ್ಲ."

"ನಿಮ್ದು?" ಎಂದೆ. ಅವರ ಬಾಯಲ್ಲಿ ಬರಲಿ, ಆಗುವುದಿಲ್ಲ ಎನ್ನೋಣ ಎಂದೇ ಕೇಳಿದೆ.

"ನಂದು ಬೇಡ ಭಟ್ರೇ. ನೀವು ಬಿಟ್ಟಿದ್ದು ಸರಿಯೇ," ಎಂದು ಎದ್ದು ಹೋದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಪಂಕ್ತಿಯೆದುರು ಅವಮಾನ ಮಾಡಿದಾಗಲೂ ಅಷ್ಟು ಬಂದಿರಲಿಲ್ಲ. ಅಷ್ಟು ವರ್ಷ ಬಿಗಿಹಿಡಿದು ಇಟ್ಟುಕೊಂಡದ್ದನ್ನು ಆ ಮನುಷ್ಯ ಬೇಡ ಎಂದುಬಿಟ್ಟರಲ್ಲ. ಬೇಡ ಎಂದವರಿಗೆ ಕೊಡದಿದ್ದರೆ ಅದು ಯಾವ ಸೀಮೆಯ ಶಿಕ್ಷೆ? ಆ ದಿನ ಉಂಡದ್ದೂ ಮೈಗೆ ಹತ್ತಲಿಲ್ಲ.

ಮರುದಿನ ದೇವರ ಮುಂದೆ ಕೂತೆ. ಮಗಳ ಹೆಸರನ್ನು ಗಟ್ಟಿಯಾಗಿ ಹೇಳಿದೆ. ಹೆಸರು ಗೊತ್ತಿಲ್ಲದ ಮಗುವನ್ನು ಅವಳ ಮಗು ಎಂದೇ ಒಪ್ಪಿಸಿದೆ. ಆಮೇಲೆ ದೀಪಕ್ಕೆ ಎಣ್ಣೆ ಹಾಕಿದೆ. ಬೇಡ ಎಂದಿರಲ್ಲ ಗೌಡ್ರೇ, ಹಾಗಾದರೆ ಇದೋ ತಗೊಳ್ಳಿ ಎಂದು, ಹಲ್ಲು ಕಚ್ಚಿಕೊಂಡು, ಅವರ ಹೆಸರನ್ನು ನಕ್ಷತ್ರ ರಾಶಿ ಸಮೇತ ಹೇಳಿಯೇಬಿಟ್ಟೆ. ಅಂದಿನಿಂದ ಒಂದು ದಿನವೂ ಬಿಟ್ಟಿಲ್ಲ. ನಾನು ಕ್ಷಮಿಸಿದ್ದೇನೆ ಎಂದು ಮಾತ್ರ ಯಾರೂ ತಿಳಿಯಬಾರದು.